ಟ್ಯಾಂಕರ್ ಬಂದಾಗ ಸಂಪು ತೆರೆದಿರುತ್ತೆ, ಮಗು ಓಡಾಡುತ್ತೆ. ಏನ್ ಮಾಡಲಿ?

ಕೋಲಾರದಲ್ಲಿ ಬಾಡಿಗೆ ಮನೆ. ಮಗನಿಗೆ ಒಂದೂವರೆ ವರ್ಷ. ಮೊನ್ನೆ ಸಂಪಿನ ಅಂಚಿಗೇ ಹೋಗಿದ್ದ, ಎದೆ ಝಲ್ ಅಂತು.

ಕೋಲಾರದವನೇ: ಸಂಪಿನ ಬಾಯಿಗೆ ಸರಳಿನ ಜಾಲರಿ ಕೂರಿಸಿ, ಪೈಪು ಇಳಿಯುತ್ತದೆ, ಮಗು ಬೀಳುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಮೇಲಿನ ಮುಚ್ಚಳಕ್ಕೆ ಬೀಗ.

ಇಬ್ಬರ ಅಮ್ಮ: ಸಂಪು ಸರಿ, ಬಚ್ಚಲಿನ ಬಕೆಟ್ಟು? ಅರ್ಧ ಬಕೆಟ್ ನೀರೂ ಸಾಕು ಕಣ್ರೀ, ಈ ವಯಸ್ಸಿಗೆ ತಲೆಯೇ ಭಾರ, ಬಗ್ಗಿ ಬಿದ್ದರೆ ಏಳಲು ಆಗುವುದಿಲ್ಲ, ಸದ್ದೂ ಬರುವುದಿಲ್ಲ. ಖಾಲಿ ಮಾಡಿ ಬೋರಲು ಹಾಕಿ.

ಮಾಲೂರು ಅಪ್ಪ: ಸ್ನಾನಕ್ಕೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಿ. ನಮ್ಮ ಮಗಳು ಸುಟ್ಟುಕೊಂಡಾಗ ನಮ್ಮತ್ತೆ ಟೂತ್‌ಪೇಸ್ಟ್ ಹಿಡಿದು ಬಂದರು! ಅದೆಲ್ಲ ಬೇಡ, 20 ನಿಮಿಷ ನಲ್ಲಿ ನೀರು ಹರಿಸಿ, ನಂತರ ಆಸ್ಪತ್ರೆ.

ಕೇಳಿದವಳು: ನಾಳೆಯೇ ಓನರ್ ಹತ್ತಿರ ಮಾತಾಡುತ್ತೇನೆ. ಒಪ್ಪದಿದ್ದರೆ ನಾನೇ ಜಾಲರಿ ಹಾಕಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ, ಅಷ್ಟೇ.