ಅಪ್‌ಡೇಟ್: ಬೈಪಾಸ್ ಆದ ಅಮ್ಮನ ಎದೆನೋವು

ಅಮ್ಮನಿಗೆ ಬೈಪಾಸ್ ಆದಮೇಲೆ ನೋವು ಇಳಿಯುತ್ತಲೇ ಇಲ್ಲ, ಅದೇ ಆಪರೇಷನ್ ಆದ ದೊಡ್ಡಪ್ಪ ಆಗಲೇ ಮಂಡ್ಯದಲ್ಲಿ ಗದ್ದೆ ಕಡೆ ಓಡಾಡುತ್ತಿದ್ದಾರೆ, ಯಾಕೆ ಹೀಗೆ ಅಂತ ಕೇಳಿದ್ದೆ. ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ಗಾಯ ಒಣಗಿದೆ, ಸೋಂಕಿಲ್ಲ.

ಹೆಂಗಸರಿಗೆ ಎದೆಯ ಹತ್ತಿರ ನೋವು ಜಾಸ್ತಿಯಂತೆ. ಸ್ತನದ ಭಾರ ಹೊಲಿಗೆಯನ್ನು ಎರಡೂ ಕಡೆ ಎಳೆಯುತ್ತದೆ. ಹೇಳಿಕೊಳ್ಳೋಕೆ ಅಮ್ಮನಿಗೆ ನಾಚಿಕೆ, ಡಾಕ್ಟರ್ ಮುಂದೆ "ಪರವಾಗಿಲ್ಲ ಸಾರ್" ಅಂದುಬಿಡುತ್ತಿದ್ದರು, ನರ್ಸಮ್ಮ ಬಾಗಿಲು ಹಾಕಿ ಕೇಳಿದ ಮೇಲೇ ಬಾಯಿಬಿಟ್ಟಿದ್ದು. ಈಗ ತಂತಿ ಇಲ್ಲದ, ಮುಂದೆ ಹುಕ್ ಇರುವ ಮೆತ್ತನೆ ಬ್ರಾ ಹಾಕುತ್ತಾರೆ. ಎಳೆತ ಎಷ್ಟೋ ಕಡಿಮೆ. ಎಡಗಡೆ ಜೋಮು ಹಿಡಿದಂತಿರೋದು ಎದೆಯೊಳಗಿನ ರಕ್ತನಾಳವನ್ನು ಬೈಪಾಸಿಗೆ ಬಳಸಿದ್ದಕ್ಕೆ, ತಿಂಗಳುಗಟ್ಟಲೆ ಇರಬಹುದು.

ಇನ್ನೊಂದು ವಿಷಯ. ದೊಡ್ಡಪ್ಪನಿಗೆ ಕೂತಲ್ಲಿಗೇ ಕಾಫಿ ಬರುತ್ತಿತ್ತು. ಅಮ್ಮ ಆಗಲೇ ಮುದ್ದೆ ತಿರುವೋಕೆ ನಿಂತಿದ್ದರು! ಸೀಳಿದ ಎದೆಮೂಳೆ ಕೂಡೋಕೆ 8ರಿಂದ 12 ವಾರ ಬೇಕು, ಗಂಡಸಾಗಲಿ ಹೆಂಗಸಾಗಲಿ. ಅಲ್ಲಿವರೆಗೆ ತುಂಬಿದ ಬಿಂದಿಗೆ, ಮುದ್ದೆ ಕೋಲು ಮುಟ್ಟೋ ಹಾಗಿಲ್ಲ. ಈಗ ನಾನೇ ತಿರುವುತ್ತೇನೆ.

ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿಕೊಳ್ಳಲಿ. ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ಸುಮ್ನೆ ಸಹಿಸಿಕೊಂಡು ಬಿಡೋದು ಬೇಡ. ಜ್ವರ, ಕೀವು, ಇಲ್ಲಾ ಮೂಳೆ ಕಟಕಟ ಅಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.