ಬಾಲಿಗೆ ಹೊರಟಿದ್ದೇವೆ, ದುಡ್ಡಿನ ವಿಷಯ ಅನುಭವ ಇದ್ದವರು ಹೇಳಿ

ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ಆರು ದಿನ ಬಾಲಿಗೆ ಹೋಗುತ್ತಿದ್ದೇನೆ. ಡಾಲರ್ ಒಯ್ದು ಅಲ್ಲಿ ಬದಲಾಯಿಸುವುದಾ, ಎಟಿಎಂ ಸಾಕಾ? ಅಮ್ಮನಿಗೆ ದೇವಸ್ಥಾನ ನೋಡುವ ಆಸೆ, ಮೊಣಕಾಲು ನೋವೂ ಇದೆ. ಅಲ್ಲಿನ ಪದ್ಧತಿ ಏನೇನು ತಿಳಿದಿರಬೇಕು?

ಕಡಲಹಾದಿ: ಬೋರ್ಡಿನ ರೇಟು ನೋಡಿ ಮರುಳಾಗಬೇಡಿ. 2023ರಲ್ಲಿ ಕುಟಾದಲ್ಲಿ ಹಣ ಬದಲಾಯಿಸುವ ಒಂದು ಓಣಿ ಅಂಗಡಿಯಲ್ಲಿ ಡಾಲರ್‌ಗೆ 15,600 ರುಪಿಯಾ (ಅಲ್ಲಿನ ಹಣ) ಅಂತ ಬರೆದಿತ್ತು. ದೊಡ್ಡ ರಸ್ತೆಯಲ್ಲಿ ಎಲ್ಲ ಕಡೆ 15,100. ನಾನು 300 ಡಾಲರ್ ಕೊಟ್ಟೆ. 46,80,000 ರುಪಿಯಾ ಬರಬೇಕು. ಅವನು ಎಲ್ಲಾ 20,000ದ ನೋಟೇ ಕೊಟ್ಟ, 234 ನೋಟು! ನಾನೇ ಎಣಿಸಿದೆ, ಸರಿ ಇತ್ತು. ಆಮೇಲೆ "ಇನ್ನೊಂದು ಸಲ ನೋಡ್ತೀನಿ" ಅಂತ ಕಟ್ಟು ವಾಪಸ್ ಇಸ್ಕೊಂಡು, ಮೇಜಿನ ಮೇಲೆ ಕುಟ್ಟಿ ಕುಟ್ಟಿ ಎಣಿಸಿ ಕೊಟ್ಟ. ರೂಮಿಗೆ ಬಂದು ನೋಡಿದರೆ 204. ಮೂವತ್ತು ನೋಟು ಮೇಜಿನ ಹಿಂದೆ ಬಿದ್ದಿದೆ. ಅಂದರೆ ನನಗೆ ಸಿಕ್ಕಿದ ರೇಟು 13,600. ದೊಡ್ಡ ರಸ್ತೆಯಲ್ಲೇ ಬದಲಾಯಿಸಿದ್ದರೆ 4,50,000 ಜಾಸ್ತಿ ಸಿಗುತ್ತಿತ್ತು. ಇವತ್ತಿಗೂ ಆ ಲೆಕ್ಕ ತಲೆಯಿಂದ ಹೋಗಿಲ್ಲ. ಬ್ಯಾಂಕ್ ಇಂಡೊನೇಷ್ಯಾದ ಪರವಾನಗಿ ಇರುವ ಕಡೆ ಮಾತ್ರ ಹೋಗಿ. ಕೊನೆಯ ಎಣಿಕೆ ನಿಮ್ಮದೇ ಇರಲಿ, ನೋಟು ಒಮ್ಮೆ ಕೈಗೆ ಬಂದ ಮೇಲೆ ವಾಪಸ್ ಕೊಡಲೇಬೇಡಿ.

ಒಂಟಿಚೀಲ: ಇಷ್ಟೆಲ್ಲಾ ಯಾಕೆ ಬೇಕು, ಡಾಲರ್ ಒಯ್ಯುವುದೇ ತಪ್ಪು. ನಾನು ಎರಡು ಸಲ ಬರೀ ಕಾರ್ಡಿನಲ್ಲೇ ಮುಗಿಸಿದೆ. ಬ್ಯಾಂಕಿನ ಒಳಗೇ ಇರುವ ಎಟಿಎಂ ಹುಡುಕಿ. ಕೆಲವು 50,000ದ ನೋಟು ಕೊಡುತ್ತವೆ, ಕೆಲವು 1,00,000ದ್ದು. ಪರದೆ ಮೇಲೆ "ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲಾ" ಅಂತ ಕೇಳಿದರೆ ಬೇಡ ಅನ್ನಿ, ಅಲ್ಲೇ ರೇಟು ಮುರಿಯುತ್ತಾರೆ. ಮೊದಲ ಸಲ ನಾನು ಹೂಂ ಅಂದುಬಿಟ್ಟೆ, 25 ಲಕ್ಷ ರುಪಿಯಾ ತೆಗೆದದ್ದಕ್ಕೆ ತುಂಬಾ ಜಾಸ್ತಿ ಕಟ್ಟಿದೆ. ಇನ್ನೊಂದು, ಅಲ್ಲಿ ಎಷ್ಟೋ ಮಷೀನಿನಲ್ಲಿ ಮೊದಲು ದುಡ್ಡು ಬರುತ್ತದೆ, ಕಾರ್ಡ್ ಆಮೇಲೆ. ದುಡ್ಡು ಎತ್ತಿಕೊಂಡು ಹೊರಟುಬಿಟ್ಟೆ. ಕಾರ್ಡ್ ಮಷೀನ್ ನುಂಗಿತು. ಎರಡು ದಿನ ಅಲೆದೆ.

ಕಡಲಹಾದಿ: ಕಾರ್ಡ್ ಕಳೆದುಕೊಂಡವರು ಕಾರ್ಡೇ ಒಳ್ಳೆಯದು ಅನ್ನುತ್ತಿದ್ದೀರಿ. ನನ್ನ ಕೈಯಲ್ಲಿ 204 ನೋಟಾದರೂ ಇತ್ತು.

ಒಂಟಿಚೀಲ: ಕಾರ್ಡ್ ಬಿಟ್ಟು ಬಂದದ್ದು ನನ್ನ ತಪ್ಪು, ಒಪ್ಪುತ್ತೇನೆ. ನಿಮಗೆ ಮೋಸ ಆಯಿತು ಅಂತ ಊರಿಗೆಲ್ಲಾ ಡಾಲರ್ ಹೊರಿಸುವುದು ಸರಿಯಲ್ಲ ಸರ್.

ಮಳೆಬಿಲ್ಲು: ಇಬ್ಬರೂ ಸುಮ್ಮನಿರಿ. ನಗದು ಇಲ್ಲದೆ ನ್ಯೆಪಿಗೆ, ಅಂದರೆ ಬಾಲಿಯವರ ಮೌನದ ಹಬ್ಬಕ್ಕೆ, ಸಿಕ್ಕಿಕೊಂಡಿದ್ದೀರಾ? 2024ರ ಮಾರ್ಚ್ 11. ಇಡೀ ದ್ವೀಪ 24 ಗಂಟೆ ಬಂದ್, ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಮೊಬೈಲ್ ಇಂಟರ್ನೆಟ್ ಇಲ್ಲ. ರಸ್ತೆಗೆ ಕಾಲಿಟ್ಟರೆ ಊರಿನ ಕಾವಲಿನವರು, ಪೆಚಲಾಂಗ್ ಅಂತಾರೆ, ವಾಪಸ್ ಕಳಿಸುತ್ತಾರೆ. ನಾವು ಹಿಂದಿನ ದಿನ ಓಗೊ ಓಗೊ ಅನ್ನುವ ಭೂತದ ಬೊಂಬೆಗಳ ಮೆರವಣಿಗೆ ನೋಡುತ್ತಾ ನಿಂತುಬಿಟ್ಟೆವು, ಆ ಗುಂಪಿನಲ್ಲಿ ಎಟಿಎಂ ಹತ್ತಿರ ಹೋಗಲು ಆಗಲಿಲ್ಲ. ಕೈಯಲ್ಲಿ 85,000 ಇತ್ತು, ಮೂರು ಜನ. ಮಗುವಿಗೆ ಬಿಸ್ಕೆಟ್ ಕೂಡ ಲಾಡ್ಜ್ ಮಾಲೀಕಮ್ಮ ಸಾಲವಾಗಿ ಕೊಟ್ಟರು. ಮರೆಯುವುದಿಲ್ಲ. ಆದರೂ ಆ ರಾತ್ರಿ ಒಂದೂ ದೀಪ ಇಲ್ಲದ ಆಕಾಶ ನೋಡಿದ್ದು ನನ್ನ ಪುಣ್ಯ.

ಹಳೇಸೀರೆ: ದೇವಸ್ಥಾನದ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ. ಪಂಚೆ ಥರದ ಸರೋಂಗ್, ಸೊಂಟಕ್ಕೆ ಪಟ್ಟಿ ಬೇಕು. ನಾನು ಉಬುದ್ ಮಾರ್ಕೆಟ್ಟಿನಲ್ಲಿ 50,000ಕ್ಕೆ ಒಂದು ಕೊಂಡೆ, ಮೊದಲು 2,00,000 ಕೇಳಿದ್ದರು. ಉಲುವಾಟು ದೇವಸ್ಥಾನದಲ್ಲಿ ಅದನ್ನೇ ಉಟ್ಟುಕೊಂಡೆ. ಮಂಗಗಳು ಕನ್ನಡಕ ಕಿತ್ತುಕೊಳ್ಳುತ್ತವೆ, ಜೋಪಾನ. ಮುಟ್ಟಾದವರು ಒಳಗೆ ಬರಬಾರದು ಅಂತ ಬೋರ್ಡ್ ಇರುತ್ತದೆ, ನಾನು ಹೊರಗೆ ಕೂತೆ, ಬೇಜಾರಾಯಿತು. ಆದರೆ ಅವರ ದೇವಸ್ಥಾನ, ಅವರ ನಿಯಮ. ಫುಟ್‌ಪಾತಿನಲ್ಲಿ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟಿರುತ್ತಾರೆ, ಚನಾಂಗ್ ಅಂತ. ತುಳಿಯಬೇಡಿ. ದುಡ್ಡು ಬಲಗೈಯಲ್ಲೇ ಕೊಡಿ.

ಒಂಟಿಚೀಲ: 50,000 ಜಾಸ್ತಿಯೇ ಆಯಿತು ಮೇಡಂ, ನಾನು 35,000ಕ್ಕೆ ತಂದೆ.

ಹಳೇಸೀರೆ: ತಂದಿರಬಹುದು. ಆ ಹೆಂಗಸು ಬೆಳಗಿನಿಂದ ಮೊದಲ ವ್ಯಾಪಾರ ಅಂತ ನೋಟನ್ನು ಸಾಮಾನಿಗೆಲ್ಲಾ ತಾಗಿಸಿ ಕಣ್ಣಿಗೆ ಒತ್ತಿಕೊಂಡಳು. ಅಲ್ಲಿ 15,000ಕ್ಕೆ ಜಗ್ಗಲು ನನಗೆ ಮನಸ್ಸು ಬರಲಿಲ್ಲ. ಎಲ್ಲದಕ್ಕೂ ಯಾರು ಕಮ್ಮಿ ಕೊಟ್ಟರು ಅನ್ನುವುದೇ ಲೆಕ್ಕವಾ?

ಒಂಟಿಚೀಲ: ಲೆಕ್ಕ ಕೇಳಿದವರಿಗೆ ಲೆಕ್ಕ ಹೇಳಿದೆ, ಅಷ್ಟೇ.

ಕಡಲಹಾದಿ: ಲೆಕ್ಕ ಅಂದರೆ ಇದನ್ನೂ ಬರೆದುಕೊಳ್ಳಿ. ನಿಲ್ದಾಣದಲ್ಲಿ ವೀಸಾ ಒಬ್ಬರಿಗೆ 5,00,000, 2024ರ ಫೆಬ್ರವರಿಯಿಂದ ಪ್ರವಾಸಿ ಶುಲ್ಕ 1,50,000 ಬೇರೆ. ನೀವು ಮೂವರಿಗೆ 19,50,000 ಅಲ್ಲೇ ಹೋಯಿತು. ಹೋಟೆಲ್ ಮೆನುವಿನಲ್ಲಿ ಬೆಲೆ ಪಕ್ಕ ಎರಡು ಕೂಡಿಸುವ ಗುರುತು ಇದ್ದರೆ ತೆರಿಗೆ, ಸರ್ವೀಸ್ ಚಾರ್ಜ್ ಮೇಲಿನಿಂದ ಸೇರುತ್ತದೆ. ಡಾಲರ್ ಒಯ್ದರೆ ಹೊಸ ನೋಟೇ ಒಯ್ಯಿರಿ, ಮಡಚಿದ್ದು, ಗೆರೆ ಬಿದ್ದದ್ದು ಬೇಡ ಅನ್ನುತ್ತಾರೆ.

ಮಳೆಬಿಲ್ಲು: ಅಮ್ಮನ ಮೊಣಕಾಲಿನ ಬಗ್ಗೆ ಒಂದು ಮಾತು. ಬೆಸಾಕಿಹ್ ದೇವಸ್ಥಾನದಲ್ಲಿ ಮೆಟ್ಟಿಲು ಬಹಳ, ನಮ್ಮತ್ತೆ ಅರ್ಧಕ್ಕೇ ಕೂತುಬಿಟ್ಟರು. ಕಡಲ ಬಂಡೆಯ ಮೇಲಿನ ತಾನಾ ಲೋಟ್ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ದಡದಲ್ಲೇ ಕೂತು ನೋಡಬಹುದು.