ಇಪ್ಪತ್ತು ಬಡ ಕುಟುಂಬಗಳಿಗೆ ನೆರವಾಗಬೇಕು: ಸಾಲವೋ, ಸಾಧನವೋ, ನಗದೋ? ಅನುಭವ ಇದ್ದವರು ಹೇಳಿ

ಪ್ರಶ್ನೆ

ನಾವು ಏಳು ಮಂದಿ ಗೆಳೆಯರು ಮೂರು ವರ್ಷಗಳಿಂದ ಸಂಬಳದಲ್ಲಿ ಒಂದಿಷ್ಟು ತೆಗೆದಿಟ್ಟು ಒಂದು ಮೊತ್ತ ಕೂಡಿಸಿದ್ದೇವೆ. ಕೂಲಿಯನ್ನೇ ನಂಬಿರುವ ಇಪ್ಪತ್ತು ಕುಟುಂಬಗಳನ್ನು ಬಡತನದಿಂದ ಮೇಲೆತ್ತಬೇಕೆಂಬುದು ನಮ್ಮ ಆಸೆ. ಒಬ್ಬರು ಹೊಲಿಗೆ ಯಂತ್ರ ಕೊಡೋಣ ಎನ್ನುತ್ತಾರೆ. ಬಡ್ಡಿಯಿಲ್ಲದ ಸಾಲ ಕೊಟ್ಟರೆ ಹಣವೂ ತಿರುಗುತ್ತಿರುತ್ತದೆ, ಜವಾಬ್ದಾರಿಯೂ ಬರುತ್ತದೆ ಎನ್ನುವುದು ಇನ್ನೊಬ್ಬರ ವಾದ. ನಗದನ್ನೇ ಕೊಟ್ಟುಬಿಡೋಣ ಎಂಬುದು ನನ್ನ ಅಭಿಪ್ರಾಯ, ಆದರೆ ಅದು ಕುಡಿತಕ್ಕೆ ಹೋದೀತೆಂಬ ಭಯ ಎಲ್ಲರಿಗೂ ಇದೆ. ಈ ಕೆಲಸ ಮಾಡಿದವರು, ಇಂಥ ನೆರವು ಪಡೆದವರು ದಯವಿಟ್ಟು ಬರೆಯಿರಿ.

ಉತ್ತರ 1

ನಾನು ಗುಂಪು ಸಾಲ ಕೊಡುವ ಸಂಸ್ಥೆಯೊಂದರಲ್ಲಿ ಒಂಬತ್ತು ವರ್ಷ ಕಂತು ವಸೂಲಿ ಮಾಡಿದ್ದೇನೆ. ಹಾಗಾಗಿ ಸಾಲದ ಬಗ್ಗೆಯೇ ಹೇಳುತ್ತೇನೆ.

ನಮ್ಮ ದಾಖಲೆಯಲ್ಲಿ ಒಬ್ಬ ತಾಯಿ ಒಂದು ಕಂತೂ ತಪ್ಪಿಸದ ಉತ್ತಮ ಗ್ರಾಹಕಿ. ಮಗಳ ಹಳೆಯ ನೋಟ್‌ಬುಕ್ಕಿನ ಹಿಂಬದಿಯ ಹಾಳೆಗಳಲ್ಲಿ ಅವರು ಲೆಕ್ಕ ಬರೆದಿಡುತ್ತಿದ್ದರು. ಒಂದು ದಿನ ಅದನ್ನು ನನ್ನ ಮುಂದೆ ಬಿಡಿಸಿಟ್ಟರು. ಪ್ರತಿ ಮಂಗಳವಾರದ ಎದುರು ನಮ್ಮ ಕಂತಿನ ಮೊತ್ತ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡೋ ಮೂರೋ ಹೆಸರು: ಆ ಕಂತು ಕಟ್ಟಲು ಯಾರ ಹತ್ತಿರ ಎಷ್ಟು ಕೈಗಡ ತಂದದ್ದು ಎಂದು. ಒಂದು ವಾರ ನಾಲ್ಕು ದಿನ ಕೂಲಿ ಸಿಕ್ಕರೆ ಮರುವಾರ ಒಂದು ದಿನವೂ ಇಲ್ಲ. ನಮ್ಮ ಮಂಗಳವಾರ ಮಾತ್ರ ತಪ್ಪದೆ ಬರುತ್ತಿತ್ತು. ಆ ನೋಟ್‌ಬುಕ್ ನೋಡಿದ ಮೇಲೆ ನನಗೆ ಆ ಕೆಲಸದಲ್ಲಿ ಹೆಚ್ಚು ದಿನ ಇರಲಾಗಲಿಲ್ಲ.

ಬಡ್ಡಿ ತೆಗೆದುಹಾಕಿದರೂ ಈ ಕಷ್ಟ ಹೋಗುವುದಿಲ್ಲ, ಏಕೆಂದರೆ ಹಿಂಡುವುದು ಬಡ್ಡಿಗಿಂತ ಹೆಚ್ಚಾಗಿ ಗಡುವು. ಭಾರತ, ಇಥಿಯೋಪಿಯ, ಮೆಕ್ಸಿಕೊ, ಮಂಗೋಲಿಯ, ಮೊರಾಕೊ, ಬಾಸ್ನಿಯಾಗಳಲ್ಲಿ ನಡೆದ ಆರು ದೊಡ್ಡ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಕಿರುಸಾಲದಿಂದ ಕೆಲವರಿಗೆ ಅಷ್ಟಿಷ್ಟು ಅನುಕೂಲವಾಗಿತ್ತು, ಆದರೆ ಬದುಕೇ ಬದಲಾಗುವಂಥದ್ದು ಎಲ್ಲೂ ಕಾಣಲಿಲ್ಲ. ಕೋಲ್ಕತ್ತದಲ್ಲಿ ಮೊದಲ ಕಂತಿಗೆ ಎರಡು ತಿಂಗಳು ಬಿಡುವು ಕೊಟ್ಟು ನೋಡಿದಾಗ, ಹಾಗೆ ಬಿಡುವು ಸಿಕ್ಕವರ ವ್ಯಾಪಾರ ಮೂರು ವರ್ಷದ ಬಳಿಕವೂ ಹೆಚ್ಚು ಲಾಭ ತರುತ್ತಿತ್ತು. ಬಾಕಿ ಉಳಿಸಿಕೊಂಡವರೂ ಅವರಲ್ಲೇ ಹೆಚ್ಚು. ನೀವು ಸಾಲವನ್ನೇ ಕೊಡುವುದಾದರೆ, ಈಗಾಗಲೇ ಏನಾದರೊಂದು ವ್ಯಾಪಾರ ನಡೆಸುತ್ತಿರುವವರಿಗೆ ಮಾತ್ರ ಕೊಡಿ, ಒಂದಷ್ಟು ವಾಪಸು ಬರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು ಕೊಡಿ. ನಾಳೆಯ ಊಟಕ್ಕೆ ಯೋಚಿಸುವ ಮನೆಗೆ ದಯವಿಟ್ಟು ಸಾಲ ಹೊರಿಸಬೇಡಿ.

ಉತ್ತರ 2

ಹೊಲಿಗೆ ಯಂತ್ರ ಹಂಚಿದ ತಂಡದಲ್ಲಿ ನಾನಿದ್ದೆ. ಒಂದೇ ಊರಿಗೆ ಹದಿನಾಲ್ಕು ಯಂತ್ರ. ಅಷ್ಟು ಜನರಿಗೆ ಸಾಲುವಷ್ಟು ಹೊಲಿಗೆ ಕೆಲಸ ಅಲ್ಲಿದೆಯೇ ಎಂದು ನಾವು ಯಾರೂ ವಿಚಾರಿಸಿರಲಿಲ್ಲ. ಎಂಟು ತಿಂಗಳ ನಂತರ ಹೋದಾಗ ಒಂದು ಮನೆಯಲ್ಲಿ ಯಂತ್ರಕ್ಕೆ ಗೋಣಿಚೀಲ ಹೊದಿಸಿ, ಅದರ ಮೇಲೆ ಮಕ್ಕಳ ಪುಸ್ತಕ ಜೋಡಿಸಿದ್ದರು. ಬೆಲ್ಟ್ ತುಂಡಾಗಿತ್ತು, ಅಷ್ಟೇ. ಹೊಸ ಬೆಲ್ಟ್ ಸಿಗುವುದು ಪಟ್ಟಣದಲ್ಲಿ, ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಆಕೆ ನಮ್ಮ ಮುಂದೆ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ನಿಂತಿದ್ದರು. ತಪ್ಪು ನಮ್ಮದಾಗಿತ್ತು.

ಹಾಗೆಂದು ಸಾಧನ ಕೊಡುವುದೇ ವ್ಯರ್ಥ ಎನ್ನಲಾರೆ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಿಂದ ಕಡುಬಡವರಿಗೆಂದೇ ಒಂದು ಕ್ರಮ ಅನುಸರಿಸುತ್ತಾ ಬಂದಿದೆ. ಹಸುವೋ ಮೇಕೆಯೋ ಕೊಡುತ್ತಾರೆ. ಅದು ಆದಾಯ ತರುವವರೆಗೆ ಹೊಟ್ಟೆಪಾಡಿಗೆ ಒಂದಿಷ್ಟು ಹಣವನ್ನೂ ಕೊಡುತ್ತಾರೆ, ಸಾಕಣೆ ಕಲಿಸುತ್ತಾರೆ, ಉಳಿತಾಯ ಮಾಡಿಸುತ್ತಾರೆ, ಎರಡು ವರ್ಷ ಮನೆಗೆ ಹೋಗಿ ವಿಚಾರಿಸುತ್ತಿರುತ್ತಾರೆ. ಇದೇ ಕ್ರಮವನ್ನು ಆರು ದೇಶಗಳಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳ ನಡುವೆ ಪರೀಕ್ಷಿಸಿದ ವರದಿ 2015ರಲ್ಲಿ ಬಂತು. ನೆರವು ನಿಂತು ಒಂದು ವರ್ಷವಾದರೂ ಬಹುತೇಕ ಕಡೆ ಆ ಮನೆಗಳ ಸ್ಥಿತಿ ಮೊದಲಿಗಿಂತ ಉತ್ತಮವಾಗಿಯೇ ಇತ್ತು. ಹೊಂಡುರಾಸ್‌ನಲ್ಲಿ ಮಾತ್ರ ಕೊಟ್ಟ ಕೋಳಿಗಳು ರೋಗ ಬಂದು ಸತ್ತವು, ಲಾಭ ಕೈಗೆ ಹತ್ತಲಿಲ್ಲ.

ಆದ್ದರಿಂದ ಯಂತ್ರದ ಬೆಲೆಯನ್ನು ಮಾತ್ರ ಲೆಕ್ಕ ಹಾಕಬೇಡಿ. ರಿಪೇರಿಗೆ, ಔಷಧಿಗೆ, ಎರಡು ವರ್ಷ ಹೋಗಿ ಬರುವುದಕ್ಕೆ ಎಷ್ಟಾಗುತ್ತದೆ ಎಂದು ಮೊದಲು ಬರೆಯಿರಿ. ಆಗ ಇಪ್ಪತ್ತು ಕುಟುಂಬ ಎಂಬುದು ಎಂಟಕ್ಕೆ ಇಳಿಯಬಹುದು. ಇಳಿಯಲಿ.

ಉತ್ತರ 3

ನಾನು ನೆರವು ಪಡೆದ ಮನೆಯಲ್ಲಿ ಬೆಳೆದವಳು. ನಮಗೆ ಒಂದು ಮೇಕೆ ಕೊಟ್ಟಿದ್ದರು. ಮೂರನೇ ತಿಂಗಳು ತಮ್ಮನಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು, ಅಮ್ಮ ಅದನ್ನು ಬಂದಷ್ಟಕ್ಕೆ ಮಾರಿದರು. ಕೊಟ್ಟವರು ಬಂದು ಊರ ಜನರೆದುರು ಅಮ್ಮನನ್ನು ಗದರಿದರು. ತಮ್ಮ ಬದುಕಿದ್ದಾನೆ, ಈಗ ಅವನಿಗೂ ಮಕ್ಕಳಿದ್ದಾರೆ. ಆ ಮೇಕೆ ಕೊಟ್ಟ ಕೆಲಸ ಮಾಡಿತು ಎಂದೇ ನನ್ನ ನಂಬಿಕೆ, ಆದರೆ ಅಮ್ಮನಿಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ.

ಕುಡಿತದ ಭಯದ ಬಗ್ಗೆ: ನಗದು ನೆರವು ಮತ್ತು ಮದ್ಯ, ತಂಬಾಕಿನ ಖರ್ಚನ್ನು ಕುರಿತ 19 ಅಧ್ಯಯನಗಳನ್ನು ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಒಟ್ಟಿಗೆ ಪರಿಶೀಲಿಸಿದ್ದರು. ನಗದು ಸಿಕ್ಕಿದ್ದರಿಂದ ಆ ಖರ್ಚು ಏರಿತೆನ್ನುವುದಕ್ಕೆ ಆಧಾರ ಸಿಗಲಿಲ್ಲ. ಕೀನ್ಯಾದಲ್ಲಿ ಹೀಗೆ ಹಣ ಸಿಕ್ಕ ಅನೇಕರು ಮಾಡಿದ ಕೆಲಸವೆಂದರೆ ಹುಲ್ಲಿನ ಸೂರು ತೆಗೆಸಿ ತಗಡು ಹೊದಿಸಿದ್ದು. ಮತ್ತೆ ಮತ್ತೆ ಹುಲ್ಲು ಹೊದಿಸುವ ಖರ್ಚು ತಪ್ಪಿತು. ಇದನ್ನು ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ.

ಪ್ರಶ್ನೆ ಕೇಳಿದವರಿಂದ

ಓದುತ್ತಾ ಮನಸ್ಸು ಭಾರವಾಯಿತು. ನಗದಿನ ಕಡೆಗೆ ಒಲವು ಹೆಚ್ಚಿದೆ. ಎಲ್ಲರಿಗೂ ಒಂದೇ ಸಲ, ಒಂದೇ ಮೊತ್ತ ಕೊಡಬಹುದೇ?

ಉತ್ತರ 4

ಮೊತ್ತಕ್ಕಿಂತ ಮೊದಲು ತಿಂಗಳನ್ನು ಕೇಳಿ. ಪಶ್ಚಿಮ ಕೀನ್ಯಾದ ರೈತರಿಗೆ ಗೊಬ್ಬರದಿಂದ ಲಾಭವಿದೆ ಎಂದು ಗೊತ್ತಿತ್ತು, ಆದರೆ ಗೊಬ್ಬರ ಹಾಕುವ ಹೊತ್ತಿಗೆ ಕೈ ಬರಿದಾಗಿರುತ್ತಿತ್ತು. ಕಟಾವು ಮುಗಿದು ಕೈಯಲ್ಲಿ ಕಾಸು ಓಡಾಡುವಾಗಲೇ ಅವರ ಬಳಿಗೆ ಹೋಗಿ, ಈಗ ಹಣ ಕಟ್ಟಿದರೆ ಆಮೇಲೆ ಗೊಬ್ಬರವನ್ನು ಪುಕ್ಕಟೆಯಾಗಿ ತಲುಪಿಸುತ್ತೇವೆ ಎಂದಾಗ ಕೊಂಡವರ ಸಂಖ್ಯೆ ಏರಿತು. ಬಹುಪಾಲು ಅದೇ ಗೊಬ್ಬರ, ಅದೇ ಬೆಲೆ. ಬದಲಾದದ್ದು ಕೇಳಿದ ಹೊತ್ತು.

ಬಾಂಗ್ಲಾದೇಶದ ರಂಗ್‌ಪುರದಲ್ಲಿ ಭತ್ತದ ಕೊಯ್ಲಿಗೆ ಮುಂಚಿನ ಹಸಿವಿನ ತಿಂಗಳುಗಳಿಗೆ 'ಮೊಂಗಾ' ಎಂಬ ಹೆಸರೇ ಇದೆ. 2008ರಲ್ಲಿ ಅಲ್ಲಿನ ಕುಟುಂಬಗಳಿಗೆ ನಗರಕ್ಕೆ ಹೋಗಿ ಕೆಲಸ ಹುಡುಕಲೆಂದು ಬಸ್ ಖರ್ಚಿಗೆ ಸುಮಾರು 600 ಟಾಕಾ ಕೊಟ್ಟರು. ಹೋದವರ ಮನೆಗಳಲ್ಲಿ ಊಟ ಹೆಚ್ಚಿತು. ಅದನ್ನೇ ಬಹಳ ದೊಡ್ಡದಾಗಿ ವಿಸ್ತರಿಸಿದಾಗ 2017ರಲ್ಲಿ ಆ ಫಲ ಕಾಣಲಿಲ್ಲ. ನಡೆಸುತ್ತಿದ್ದವರು ಅದನ್ನು ಬಹಿರಂಗವಾಗಿಯೇ ಒಪ್ಪಿಕೊಂಡು 2019ರಲ್ಲಿ ನಿಲ್ಲಿಸಿದರು. ಆ ಪ್ರಾಮಾಣಿಕತೆಯ ಮೇಲೆ ನನಗೆ ತುಂಬ ಗೌರವವಿದೆ.

'ಮೇಲೆತ್ತುವುದು' ಎಂಬ ಮಾತಿಗೂ ಒಂದು ವಿನಂತಿ. ಚೀನಾದಲ್ಲಿ ನಲವತ್ತು ವರ್ಷಗಳಲ್ಲಿ ಹತ್ತಿರ ಹತ್ತಿರ 80 ಕೋಟಿ ಜನ ಕಡುಬಡತನದಿಂದ ಹೊರಬಂದದ್ದು ಸಾಗುವಳಿಯ ಹೊಣೆ ರೈತ ಕುಟುಂಬಗಳ ಕೈಗೆ ಬಂದದ್ದರಿಂದ, ಆಮೇಲೆ ಕಾರ್ಖಾನೆಗಳಲ್ಲಿ ದುಡಿಮೆ ಸಿಕ್ಕಿದ್ದರಿಂದ. ಏಳು ಗೆಳೆಯರಿಂದ ಅದು ಆಗದು. ನಿಮ್ಮಿಂದ ಆಗುವುದು, ಒಂದು ಮನೆ ಕುಸಿಯುವ ತಿಂಗಳಲ್ಲಿ ಕೈ ಹಿಡಿಯುವುದು. ಅದೇನೂ ಚಿಕ್ಕದಲ್ಲ.

ಉತ್ತರ 1 ಬರೆದವರಿಂದ ಮತ್ತೆ

ಮೇಲಿನ ಮಾತು ಸರಿ. ಹಾಗಾದರೆ ಮೊತ್ತವನ್ನು ಎರಡು ಭಾಗ ಮಾಡಿ. ಒಂದನ್ನು ಪ್ರತಿ ಮನೆಯವರು ತಾವೇ ಹೇಳಿದ ತಿಂಗಳಿನಲ್ಲಿ ಕೊಡಿ, ಬಿತ್ತನೆಗೋ ಶಾಲೆಯ ಶುಲ್ಕಕ್ಕೋ ಎಂದು ಅವರೇ ನಿರ್ಧರಿಸಲಿ. ಇನ್ನೊಂದು ಭಾಗವನ್ನು ಕಾಯಿಲೆ, ಹೆರಿಗೆ, ಸಾವಿನಂಥ ಹೊತ್ತಿಗೆ ತೆಗೆದಿಡಿ. ಅದಕ್ಕೆ ಅರ್ಜಿ, ಸಹಿ, ಸಭೆ ಯಾವುದೂ ಬೇಡ. ನಿಮ್ಮಲ್ಲೊಬ್ಬರ ಮೊಬೈಲ್ ಸಂಖ್ಯೆ ಆ ಮನೆಗಳಲ್ಲಿರಲಿ, ರಾತ್ರಿ ಕರೆ ಬಂದರೂ ಎತ್ತುವವರದ್ದು.